ಹಿಂದೆ ಬರುವವರ ಮೂಗು

"ಮೇಡಮ್, ಒಂದ್ ಮಾತು ಹೇಳ್ತೀನಿ, ಬೈಯಲ್ಲ ತಾನೆ?"

ಎಂಟನೇ ತರಗತಿಯ ಹುಡುಗ. ಸ್ಟಾಫ್ ರೂಮಿನ ಬಾಗಿಲಿಗೆ ಒರಗಿ ನಿಂತಿದ್ದ. ಬೈಯುವುದಿಲ್ಲ ಎಂದು ನಾನು ಮಾತು ಕೊಟ್ಟ ಮೇಲೂ ಅವನಿಗೆ ಧೈರ್ಯ ಬರಲಿಲ್ಲ. ಗೋಡೆಯ ಮೇಲಿದ್ದ ಜಿಲ್ಲೆಯ ನಕ್ಷೆಯಲ್ಲಿ ಹೊಳೆನರಸೀಪುರ ಎಲ್ಲಿದೆ ಎಂದು ಹುಡುಕುವವನಂತೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಒಂದೇ ಉಸಿರಿಗೆ ಹೇಳಿಬಿಟ್ಟ: "ನಿಮ್ ಕಾರು ನಾರ್ತದೆ ಮೇಡಮ್. ಕೊಳ್ತೋಗಿರೋ ಮೊಟ್ಟೆ ನಾರ್ದಂಗೆ."

ನಾನು ಬೈಯಲಿಲ್ಲ. ಆದರೆ ಹೇಳಿದ್ದು ಒಳ್ಳೆಯದಾಯಿತು ಎಂದೂ ಅನ್ನಲಿಲ್ಲ. "ಸರಿ, ಹೋಗು" ಎಂದೆ. ದನಿ ನನಗೇ ಬಿರುಸಾಗಿ ಕೇಳಿಸಿತು. ಅವನು ಹೋದ ಮೇಲೆ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೆ? ಬಿಸಿಯೂಟದ ಜೊತೆ ಈಗ ಮಕ್ಕಳಿಗೆ ಮೊಟ್ಟೆ ಕೊಡುತ್ತಾರಲ್ಲ, ಯಾವನೋ ತರಲೆ ಒಂದನ್ನು ನನ್ನ ಕಾರಿನ ಕೆಳಗೆ ಎಸೆದಿರಬೇಕು ಎಂದು. ಸಂಜೆ ಸೀರೆಯ ನೆರಿಗೆ ಎತ್ತಿ ಹಿಡಿದು, ಬಗ್ಗಿ, ನಾಲ್ಕು ಚಕ್ರಗಳ ಹತ್ತಿರವೂ ನೋಡಿದೆ. ಚಿಪ್ಪಿನ ಒಂದು ಚೂರೂ ಸಿಗಲಿಲ್ಲ.

ಈ ಕಾರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆ ಹಾಸನದಲ್ಲಿ, ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇರುವ ಸಾಲಗಾಮೆ ರಸ್ತೆಯ ಕಡೆ. ಪಾಠ ಹೇಳುವುದು ಸಾಲಗಾಮೆಯಲ್ಲಿ. ಹನ್ನೊಂದು ವರ್ಷ ಬಸ್ಸಿನಲ್ಲಿ ಜೋತಾಡಿದ ಮೇಲೆ, ನಲವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, 2012ರ ಮಾಡೆಲ್ಲಿನ ಸಣ್ಣ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ನನ್ನ ಸಂಬಳದಲ್ಲಿ, ನನ್ನ ಹೆಸರಿನಲ್ಲಿ. ಈ ಎರಡು ಮಾತುಗಳ ಅರ್ಥವನ್ನು ನಮ್ಮ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಆಯುಧಪೂಜೆಗೆ ಚೆಂಡು ಹೂವಿನ ಹಾರ ಹಾಕುತ್ತೇನೆ. ಒಳಗೆ ಕನ್ನಡಿಯ ಕೆಳಗೆ ಮಲ್ಲಿಗೆಯ ಪರಿಮಳದ ಪುಟ್ಟ ಸೀಸೆ ತೂಗಾಡುತ್ತದೆ. ಮುಂದಿನ ಖಾನೆಯಲ್ಲಿ ಹೊಗೆ ಪರೀಕ್ಷೆ ಮಾಡಿಸಿದ ಸರ್ಟಿಫಿಕೇಟು ಮಡಿಸಿ ಇಟ್ಟಿದೆ. ಇಷ್ಟೆಲ್ಲ ಇರುವ ಕಾರು ನಾರುವುದೆಂದರೇನು?

ಮರುದಿನ ಬೆಳಿಗ್ಗೆ ನಮ್ಮ ಯಜಮಾನರನ್ನು ಹಿಂದೆ ನಿಲ್ಲಿಸಿ ಇಂಜಿನ್ ಸ್ಟಾರ್ಟ್ ಮಾಡಿದೆ. ಅವರು ಸೈಲೆನ್ಸರಿನ ಹತ್ತಿರ ಮೂಗು ತಂದು, "ಏನೂ ಇಲ್ವಲ್ಲೇ, ಎಲ್ಲಾ ಕಾರಿನ ಹಾಗೇ ಇದೆ" ಎಂದರು. ಪಕ್ಕದ ಮನೆಯವರನ್ನೂ ಕೇಳಿದೆ. ಅವರೂ ಇಲ್ಲ ಎಂದರು. ಅಲ್ಲಿಗೆ ತೀರ್ಮಾನವಾಯಿತು ಅನ್ನಿ. ಹುಡುಗ ಹೇಳಿದ್ದು ಸುಳ್ಳು. ಒಂದು ಸರ್ಟಿಫಿಕೇಟು, ಒಬ್ಬ ಗಂಡ, ಒಬ್ಬ ನೆರೆಮನೆಯಾಕೆ, ಮೂರು ಸಾಕ್ಷಿ ನನ್ನ ಕಡೆ.

ಅದೇ ದಿನ ಶಾಲೆಯ ಮುಂದಿನ ಸಣ್ಣ ಏರು ಹತ್ತುವಾಗ ಕನ್ನಡಿಯಲ್ಲಿ ಹಿಂದೆ ನೋಡಿದೆ. ನಡೆದು ಬರುತ್ತಿದ್ದ ಮೂವರು ಹುಡುಗಿಯರು ವೇಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ರಸ್ತೆಯ ಅಂಚಿಗೆ ಸರಿದರು. ನನ್ನ ಎದೆ ಧಸಕ್ಕೆಂದದ್ದು ಆ ದೃಶ್ಯ ಹೊಸದು ಎಂದಲ್ಲ, ಹಳೆಯದು ಎಂದು. ಈ ಹುಡುಗಿಯರು ಹೀಗೆ ಮೂಗು ಮುಚ್ಚಿಕೊಳ್ಳುವುದನ್ನು ನಾನು ಎರಡು ಮೂರು ತಿಂಗಳಿನಿಂದ ದಿನವೂ ನೋಡುತ್ತಿದ್ದೆ. ಧೂಳಿಗೆ ಮುಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮಳೆ ಬಂದು ರಸ್ತೆಯೆಲ್ಲ ತೊಳೆದು ಹೋದ ದಿನವೂ ಧೂಳು ಎಂದೇ ಅಂದುಕೊಂಡಿದ್ದೆ.

ನಾನು ಬಿ.ಎ., ಬಿ.ಇಡಿ. ಮಾಡಿ ಸಮಾಜ ವಿಜ್ಞಾನ ಹೇಳುವವಳು. ಗಂಧಕ, ಆಮ್ಲಜನಕ ಎಂದರೆ ಇಂದಿಗೂ ಪಿಯುಸಿಯ ಭಯ ಮರುಕಳಿಸುತ್ತದೆ. ವಿಜ್ಞಾನದ ಸಹೋದ್ಯೋಗಿಯನ್ನು ಕೇಳಿದೆ. ಆಕೆ ನನ್ನ ಮಗಳ ವಯಸ್ಸಿನವಳು, ಬೋರ್ಡಿನ ಮೇಲೆ ಬರೆದೇ ವಿವರಿಸಿದಳು. ಪೆಟ್ರೋಲಿನಲ್ಲಿ ಗಂಧಕದ ಅಂಶ ಚೂರು ಇದ್ದೇ ಇರುತ್ತದೆ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಂದ ಭಾರತ್ ಸ್ಟೇಜ್ 6ರ ಪೆಟ್ರೋಲಿನಲ್ಲಿ ಒಂದು ಕಿಲೋಗೆ 10 ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದು. ಅದಕ್ಕೆ ಮೊದಲು 50ರ ತನಕ ಇರಬಹುದಿತ್ತು. ಗಾಳಿ ಸಾಕಷ್ಟು ಸಿಕ್ಕಿ ಪೆಟ್ರೋಲು ಚೆನ್ನಾಗಿ ಉರಿದರೆ ಈ ಗಂಧಕ ನಮ್ಮ ಮೂಗಿಗೆ ತಿಳಿಯದಂತೆ ಹೋಗಿಬಿಡುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾದರೆ, ಸೈಲೆನ್ಸರಿಗೆ ಮೊದಲು ಕೂತಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯಲ್ಲಿ ಅದು ಹೈಡ್ರೋಜನ್ ಸಲ್ಫೈಡ್ ಆಗಿ ಹೊರಗೆ ಬರುತ್ತದೆ. ಕೊಳೆತ ಮೊಟ್ಟೆಯಲ್ಲಿ ಇರುವುದೂ ಅದೇ. ಹುಡುಗನ ಹೋಲಿಕೆ ಹೋಲಿಕೆಯೇ ಅಲ್ಲ, ರಸಾಯನಶಾಸ್ತ್ರದ ನಿಜ.

"ಹಾಗಾದ್ರೆ ನಮ್ಮನೆಯವರಿಗೆ ಯಾಕೆ ಬರಲಿಲ್ಲ?" ಎಂದೆ.

"ಮೇಡಮ್, ಆ ಡಬ್ಬಿ ಕೆಲಸ ಮಾಡೋಕೆ ಶುರು ಮಾಡೋದೇ ಇನ್ನೂರೈವತ್ತು, ಮುನ್ನೂರು ಡಿಗ್ರಿ ಬಿಸಿ ಆದ ಮೇಲೆ. ಮನೆ ಮುಂದೆ ತಣ್ಣಗಿರುತ್ತೆ. ಇಲ್ಲಿಗೆ ಬರೋ ಹೊತ್ತಿಗೆ ಕಾದಿರುತ್ತೆ" ಎಂದಳು.

ಈ ಮಾತು ಆಕೆಗೆ ಬರೀ ಪಾಠ. ನನಗೆ ಹಾಗಾಗಲಿಲ್ಲ. ನನ್ನ ಕಾರು ನನ್ನ ಮನೆಯವರ ಮುಂದೆ ಸಭ್ಯವಾಗಿರುತ್ತದೆ, ನಾನು ಹೊರಡುವ ಬೀದಿಯಲ್ಲಿ ಸಭ್ಯವಾಗಿರುತ್ತದೆ, ಅರ್ಧ ಗಂಟೆಯ ದಾರಿ ಕಳೆದು ನಡೆದು ಬರುವ ಮಕ್ಕಳ ಮುಂದೆ ಮಾತ್ರ ನಾರುತ್ತದೆ. ಒಳಗೆ ಕೂತ ನನಗೆ ಮಲ್ಲಿಗೆ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಕಾರು ಇರುವವರಿಗೆ ಆ ಬೆನ್ನು ಇನ್ನೂ ಹತ್ತು ಅಡಿ ಹಿಂದಕ್ಕೆ ಇರುತ್ತದೆ.

ಆಕೆ ಇನ್ನೊಂದು ವಿಷಯವನ್ನೂ ಹೇಳಿದಳು. ಈ ಹೈಡ್ರೋಜನ್ ಸಲ್ಫೈಡನ್ನು ನಮ್ಮ ಮೂಗು ತೀರಾ ಅಣುವಿನಷ್ಟಿದ್ದರೂ ಕಂಡುಹಿಡಿಯುತ್ತದಂತೆ. ಆದರೆ ಅದು ಹೆಚ್ಚಾಗುತ್ತ ಹೋದಾಗ, ನಿಜವಾದ ಅಪಾಯದ ಮಟ್ಟ ಬಂದಾಗ, ಮೂಗು ಸೋತು ವಾಸನೆಯೇ ತಿಳಿಯದಂತಾಗುತ್ತದೆ. ಮ್ಯಾನ್‌ಹೋಲಿಗೆ ಇಳಿದವರು ವಾಸನೆ ಹೋಯಿತು ಎಂದು ನಂಬಿ ಪ್ರಾಣ ಕಳೆದುಕೊಳ್ಳುವುದು ಹೀಗೂ ಉಂಟು. ಕಾರಿನಿಂದ ಬರುವುದು ಆ ಪ್ರಮಾಣದ್ದಲ್ಲ, ಹೆದರಬೇಡಿ. ಆದರೆ ಗಾಳಿ ಪೆಟ್ರೋಲಿನ ಲೆಕ್ಕ ತಪ್ಪಿದ ಇಂಜಿನ್ನಿನಿಂದ ಅದರ ಜೊತೆಗೇ ಕಾರ್ಬನ್ ಮಾನಾಕ್ಸೈಡೂ ಹೆಚ್ಚಾಗಿ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿಕೊಂಡು ಕೂತವರನ್ನು ನಿದ್ದೆಯಲ್ಲೇ ಕೊಂಡೊಯ್ಯುತ್ತದೆ. ವಾಸನೆಯೇ ಇಲ್ಲದ ಇನ್ನೊಂದು ವಿಷ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಸೀಸವಿಲ್ಲದ ಪೆಟ್ರೋಲು ಬಂತು, ದೇಶದಲ್ಲೆಲ್ಲ ಬರಲು 2000ನೇ ಇಸವಿಯಾಯಿತು. ಅಲ್ಲಿಯ ತನಕ ನಾವೆಲ್ಲ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದನ್ನು ಉಸಿರಾಡಿದೆವು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ನಮ್ಮ ಅಡುಗೆಮನೆಯ ಗ್ಯಾಸಿಗೂ ತನ್ನದೇ ಎನ್ನುವಂಥ ವಾಸನೆ ಇಲ್ಲ. ಸೋರಿದರೆ ಬರುವ ಆ ಕೆಟ್ಟ ನಾತವನ್ನು ಬೇಕೆಂದೇ ಬೆರೆಸುತ್ತಾರೆ. ಈ ಪದ್ಧತಿಯನ್ನು ಕಾನೂನಾಗಿ ಗಟ್ಟಿ ಮಾಡಿದ ಘಟನೆ ನಡೆದದ್ದು ಒಂದು ಶಾಲೆಯಲ್ಲಿ. ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನಲ್ಲಿ 1937ರ ಮಾರ್ಚ್ 18ರಂದು ಶಾಲೆಯ ಕಟ್ಟಡದ ಅಡಿಯಲ್ಲಿ ಗ್ಯಾಸ್ ಸೋರಿ ತುಂಬಿಕೊಂಡಿತ್ತು. ವಾಸನೆ ಇಲ್ಲದ ಗ್ಯಾಸ್, ಯಾರಿಗೂ ತಿಳಿಯಲಿಲ್ಲ. ಮಧ್ಯಾಹ್ನ ಮೂರು ದಾಟಿದ ಮೇಲೆ ಒಂದು ಕಿಡಿ ಹಾರಿತು. ಮಕ್ಕಳೂ ಶಿಕ್ಷಕರೂ ಸೇರಿ ಮುನ್ನೂರರ ಆಸುಪಾಸು ಜನ ಸತ್ತರು. ಆಮೇಲೆ ಆ ರಾಜ್ಯದಲ್ಲಿ ಗ್ಯಾಸಿಗೆ ವಾಸನೆ ಬೆರೆಸಲೇಬೇಕೆಂದು ಕಾನೂನಾಯಿತು. ಸಿಲಿಂಡರ್ ಬದಲಾಯಿಸುವಾಗ ಮೂಗು ಸಿಂಡರಿಸುವ ನಾನು ಇದನ್ನು ತಿಳಿದ ಮೇಲೆ ಆ ನಾತದ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಶನಿವಾರ ಮಧ್ಯಾಹ್ನ ಕಾರನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಮೊದಲು ಕಾರನ್ನು ನೋಡಲೇ ಇಲ್ಲ, ನನ್ನನ್ನು ಪ್ರಶ್ನೆ ಕೇಳಿದ, ಒಳ್ಳೆಯ ಡಾಕ್ಟರರ ಹಾಗೆ. ವಾಸನೆ ಯಾವಾಗ ಬರುತ್ತದೆ? ಏರಿನಲ್ಲೋ, ನಿಂತಾಗಲೋ? ಲೀಟರಿಗೆ ಎಷ್ಟು ಕೊಡುತ್ತಿದೆ? ಹದಿನಾರು ಕೊಡುತ್ತಿದ್ದದ್ದು ಹನ್ನೆರಡಕ್ಕೆ ಇಳಿದಿದೆ ಎಂದೆ. "ಮತ್ತೆ ಉಳಿದ ಪೆಟ್ರೋಲ್ ಎಲ್ಲಿಗೆ ಹೋಯ್ತು ಮೇಡಮ್?" ಎಂದು ನಕ್ಕ. ಪೆಟ್ರೋಲಿಗೆ ಸುರಿದ ದುಡ್ಡಿನ ಲೆಕ್ಕ ನನ್ನ ಡೈರಿಯಲ್ಲಿ ಪೈಸೆ ಬಿಡದೆ ಇದೆ. ಅದು ಏಕೆ ಹೆಚ್ಚುತ್ತಿದೆ ಎಂದು ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಅವನು ಹೇಳಿದ ಕೆಲವು ಮಾತು ಕಾರು ಓಡಿಸುವ ನಿಮಗೂ ಉಪಯೋಗವಾದೀತು. ಹೊಗೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ ಎಂದು. ನೀಲಿಯಾಗಿ, ಎಣ್ಣೆ ಸುಟ್ಟ ವಾಸನೆ ಬಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು, ವಾಸನೆ ಸ್ವಲ್ಪ ಸಿಹಿಯಾಗಿದ್ದರೆ ಕೂಲೆಂಟ್ ಒಳಗೆ ಸೋರುತ್ತಿದೆ, ತಡಮಾಡಬಾರದು. ಕಾರಿನ ಒಳಗೇ ಹೊಗೆಯ ವಾಸನೆ ಬಂದರೆ ಪೈಪು ಎಲ್ಲೋ ತೂತಾಗಿದೆ, ಗಾಜು ಇಳಿಸಿಕೊಂಡು ನೇರ ಗ್ಯಾರೇಜಿಗೆ ಬರಬೇಕು.

ಆಮೇಲೆ ಬಾನೆಟ್ ಎತ್ತಿ ಪ್ಲಗ್ಗುಗಳನ್ನು ಬಿಚ್ಚಿದ. ಕಾಡಿಗೆ ಹಚ್ಚಿದ ಹಾಗೆ ನಾಲ್ಕೂ ಕಪ್ಪು. ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಅದರಲ್ಲಿ ಇಲಿಯ ಗೂಡು! ಒಣಹುಲ್ಲು, ಜೋಳದ ಸಿಪ್ಪೆ, ಹತ್ತಿ, ಮತ್ತು ನಂಬುತ್ತೀರೋ ಇಲ್ಲವೋ, ಯಾವುದೋ ಉತ್ತರಪತ್ರಿಕೆಯ ಒಂದು ತುಂಡು. ಶಾಲೆಯ ಪಕ್ಕ ಜೋಳದ ಹೊಲದ ಅಂಚಿನಲ್ಲಿ ನೆರಳಿದೆಯೆಂದು ದಿನವೂ ಕಾರು ನಿಲ್ಲಿಸುತ್ತಿದ್ದೆ. ಉಸಿರಾಡುವ ದಾರಿಯನ್ನೇ ಇಲಿ ಮುಚ್ಚಿತ್ತು. ಕಂಪ್ಯೂಟರ್ ಹಾಕಿ ನೋಡಿ, ಗಾಳಿಯ ಲೆಕ್ಕ ಹೇಳುವ ಆಕ್ಸಿಜನ್ ಸೆನ್ಸರೂ ಸೋತಿದೆ ಎಂದ. ಎಲ್ಲ ಬದಲಾಯಿಸಿದ. ಎರಡು ವಾರ ಓಡಿಸಿ ನೋಡಿ ಎಂದ.

ಎರಡು ವಾರದಲ್ಲಿ ಲೀಟರಿಗೆ ಹದಿನೈದು ಬಂತು. ವಾಸನೆ ಕಡಿಮೆಯಾಯಿತು, ಹೋಗಲಿಲ್ಲ. ಏರಿನಲ್ಲಿ ಹುಡುಗಿಯರು ಈಗಲೂ ಅಂಚಿಗೆ ಸರಿಯುತ್ತಿದ್ದರು. ಮತ್ತೆ ಹೋದೆ. ಅವನು ಕೆಳಗೆ ಮಲಗಿ ನೋಡಿ ಬಂದು, ತಿಂಗಳುಗಟ್ಟಲೆ ಹಸಿ ಪೆಟ್ರೋಲು ಕುಡಿದು ಕ್ಯಾಟಲಿಟಿಕ್ ಕನ್ವರ್ಟರೇ ಕೆಟ್ಟಿದೆ ಎಂದ. ಅದರೊಳಗೆ ಜೇನುತಟ್ಟಿಯಂಥ ಪಿಂಗಾಣಿ, ಅದರ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್‌ಗಳ ತೆಳುವಾದ ಲೇಪ. ನನ್ನ ಮೂಗುಬೊಟ್ಟಿಗಿಂತ ಶ್ರೀಮಂತ ವಸ್ತು ನನ್ನ ಕಾರಿನ ಹೊಟ್ಟೆಯ ಕೆಳಗೆ ಕೆಸರು ಮೆತ್ತಿಕೊಂಡು ಇತ್ತು. ಹೊಸದಕ್ಕೆ ಅವನು ಹೇಳಿದ ಬೆಲೆ ಕೇಳಿ ನಾನು ಗ್ಯಾರೇಜಿನ ಟೈರಿನ ಮೇಲೆ ಕೂತುಬಿಟ್ಟೆ. ಕಾರನ್ನು ಮಾರಿದರೆ ಬರುವ ಹಣದ ಮೂರನೇ ಒಂದು ಪಾಲು.

ನನ್ನ ಮುಖ ನೋಡಿ ಅವನಿಗೆ ಅಯ್ಯೋ ಅನಿಸಿರಬೇಕು. ದನಿ ತಗ್ಗಿಸಿ ಹೇಳಿದ: "ಮೇಡಮ್, ಒಂದ್ ಉಪಾಯ ಇದೆ. ಒಳಗಿಂದು ಒಡೆದು ತೆಗೆದು ಖಾಲಿ ಪೈಪ್ ಮಾಡಿಕೊಡ್ತೀನಿ. ಮೇಲಿಂದ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಪಿಕಪ್ಪೂ ಚೆನ್ನಾಗಿ ಬರುತ್ತೆ. ವಾಸನೆ ತಾನೆ ಹೋಗ್ಬೇಕು ನಿಮಗೆ?"

"ಹೋಗುತ್ತಾ?"

"ಮೊಟ್ಟೆ ವಾಸನೆ ಹೋಗುತ್ತೆ."

"ಮಿಕ್ಕಿದ್ದು?"

"ಮಿಕ್ಕಿದ್ದು ಎಲ್ಲಾ ಹೋಗುತ್ತೆ ಮೇಡಮ್, ಹೊರಗಡೆ" ಎಂದು ಅವನೇ ನಕ್ಕುಬಿಟ್ಟ. ಮೋಸಗಾರನಲ್ಲ, ನನ್ನ ದುಡ್ಡು ಉಳಿಸಲು ಹೇಳಿದ. ಹೊಗೆಯ ನಿಯಮ ಮುರಿದರೆ 2019ರ ತಿದ್ದುಪಡಿಯ ಪ್ರಕಾರ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಉಂಟೆಂಬುದನ್ನೂ ಹೇಳಿ, ಸಾಲಗಾಮೆ ರಸ್ತೆಯಲ್ಲಿ ಯಾರು ಹಿಡೀತಾರೆ ಎಂದೂ ಹೇಳಿದ.

ಯೋಚಿಸಿ ಹೇಳುತ್ತೇನೆಂದು ಬಂದೆ. ಯೋಚಿಸುವುದಕ್ಕೆ ಏನಿತ್ತು ಎಂದು ನೀವು ಕೇಳಬಹುದು. ಬಹಳ ಇತ್ತು. ಮಗಳ ಮದುವೆಯ ಸಾಲ ಇನ್ನೂ ತೀರಿಲ್ಲ. ಯಜಮಾನರು, "ಸುಮ್ನೆ ಮಾರಿಬಿಡು, ಬೆಳಿಗ್ಗೆ ಹೊತ್ತು ಕರೆಸಿ ತೋರಿಸಿದರಾಯ್ತು, ತಣ್ಣಗಿರುವಾಗ ವಾಸನೆ ಬರಲ್ಲವಲ್ಲ" ಎಂದರು. ಸಹೋದ್ಯೋಗಿ ಹೇಳಿಕೊಟ್ಟ ವಿಜ್ಞಾನ ಹೀಗೂ ಪ್ರಯೋಜನಕ್ಕೆ ಬರುತ್ತದೆಂದು ನನಗೆ ಹೊಳೆದಿರಲಿಲ್ಲ. ನಿಜ ಹೇಳುತ್ತೇನೆ, ಆ ಮಾತು ನನಗೆ ಹಿಡಿಸಿತು. ಖಾಲಿ ಪೈಪಿನ ಮಾತೂ ಹಿಡಿಸಿತು. ಮೂರು ದಿನ ಅವೆರಡರಲ್ಲಿ ಯಾವುದು ಎಂದಷ್ಟೇ ತೂಗುತ್ತಿದ್ದೆ.

ಮೂರನೆಯ ರಾತ್ರಿ ಆ ಹುಡುಗಿ ನೆನಪಾದಳು.

ಹೆಸರು ಬರೆಯುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದು, ಇದೇ ಹಾಸನ ತಾಲ್ಲೂಕಿನ ಬೇರೊಂದು ಶಾಲೆ. ಆ ವರ್ಷ ಮಳೆ ಬಿಡದೆ ಹಿಡಿದು ಆಲೂಗಡ್ಡೆಗೆ ಅಂಗಮಾರಿ ಬಿದ್ದಿತ್ತು. ನಮ್ಮ ಕಡೆಯವರಿಗೆ ಆ ವಾಸನೆ ಹೇಳಬೇಕಾಗಿಲ್ಲ. ಕೊಳೆತ ಆಲೂಗಡ್ಡೆಯ ಮುಂದೆ ಕೊಳೆತ ಮೊಟ್ಟೆ ಏನೂ ಅಲ್ಲ. ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಯನ್ನು ಸಾಲ ಮಾಡಿ ಕೊಂಡು ಹಾಕಿದವರು, ಕೊಳೆತದ್ದನ್ನು ಬೇರೆ ಮಾಡಿ ಉಳಿದದ್ದನ್ನಾದರೂ ಮಾರಬೇಕೆಂದು ಮನೆಮಂದಿಯೆಲ್ಲ ರಾಶಿಯ ಮುಂದೆ ಕೂರುತ್ತಿದ್ದರು. ಈ ಹುಡುಗಿ ನಸುಕಿನಲ್ಲೆದ್ದು ಅವ್ವನ ಜೊತೆ ಆರಿಸಿ, ಕೈ ತೊಳೆದುಕೊಂಡು, ಶಾಲೆಗೆ ಓಡಿ ಬರುತ್ತಿದ್ದಳು. ನನಗೆ ಇದೇನೂ ತಿಳಿಯದು. ಒಂದು ದಿನ ಇಡೀ ತರಗತಿಯ ಎದುರು, "ಏನೇ ಇದು ವಾಸನೆ? ನಾಳೆ ಸ್ನಾನ ಮಾಡಿಕೊಂಡು ಬಾ, ಈಗ ಹಿಂದಿನ ಬೆಂಚಿಗೆ ಹೋಗು" ಎಂದೆ. ಒಂದೇ ಉಸಿರಿಗೆ. ಅದಕ್ಕೆ ಧೈರ್ಯವೇನೂ ಬೇಕಾಗಿರಲಿಲ್ಲ ನನಗೆ.

ಅವಳು ನಾಲ್ಕು ದಿನ ಬರಲಿಲ್ಲ. ಬಂದಾಗ ಮುಖಕ್ಕೂ ಕತ್ತಿಗೂ ಕೈಗೂ ದಪ್ಪಗೆ ಪೌಡರ್ ಬಳಿದುಕೊಂಡಿದ್ದಳು. ಪೌಡರಿನ ಕೆಳಗೆ ಆ ವಾಸನೆ ಇದ್ದೇ ಇತ್ತು. ನಾನು ಏನೂ ಅನ್ನಲಿಲ್ಲ. ಮುಂದಕ್ಕೆ ಬಂದು ಕೂರು ಎಂದೂ ಅನ್ನಲಿಲ್ಲ. ವರ್ಷವೆಲ್ಲ ಅವಳು ಹಿಂದೆಯೇ ಕೂತಳು. ಆಲೂಗಡ್ಡೆಯ ವಿಷಯ ಬಹಳ ದಿನದ ಮೇಲೆ ಬೇರೆ ಯಾರಿಂದಲೋ ತಿಳಿಯಿತು.

ವಾಸನೆ ತಾನೆ ಹೋಗಬೇಕು, ಎಂದು ಅವನು ಕೇಳಿದ್ದನ್ನು ನಾನು ಆವತ್ತು ಅವಳಿಗೆ ಹೇಳಿದ್ದೆ. ಎಲ್ಲಿಂದ ಬರುತ್ತಿದೆ ಎಂದು ಕೇಳಿರಲಿಲ್ಲ. ಅವಳ ವಾಸನೆ ಅವಳ ದುಡಿಮೆಯದು, ಆಕಾಶದಿಂದ ಬಿದ್ದ ಕಷ್ಟದ್ದು. ನನ್ನದು ಉದಾಸೀನದ್ದು. ಅವಳದನ್ನು ಹೇಳಲು ನನಗೆ ಒಂದು ನಿಮಿಷ ಸಾಕಾಯಿತು. ನನ್ನದನ್ನು ಹೇಳಲು ಮಕ್ಕಳಿಗೆ ಮೂರು ತಿಂಗಳು ಬೇಕಾಯಿತು, ಅದೂ ಬೈಯುವುದಿಲ್ಲವೆಂದು ಮಾತು ತೆಗೆದುಕೊಂಡು. ಗೊತ್ತಿಲ್ಲದೆ ಮಾಡಿದ್ದು ತಪ್ಪಾಗುತ್ತದೆಯೇ ಎಂದು ಬಿ.ಎ.ಯಲ್ಲಿ ತರ್ಕ, ನೀತಿಶಾಸ್ತ್ರ ಓದಿದ ಗೆಳತಿಯೊಡನೆ ಹಿಂದೆ ವಾದ ಮಾಡುತ್ತಿದ್ದೆ. ಗೊತ್ತಿಲ್ಲದ್ದಕ್ಕೆ ಕ್ಷಮೆ ಇದೆ ಎನ್ನುವುದು ನನ್ನ ಪಕ್ಷ. ಈಗ ಆ ಪಕ್ಷದಲ್ಲಿ ಒಂದು ಬಿರುಕು ಕಾಣುತ್ತದೆ. ಗೊತ್ತಾಗದಂತೆ ನಾನೇ ನೋಡಿಕೊಂಡದ್ದು ಎಷ್ಟು? ಡೈರಿಯಲ್ಲಿ ಪೆಟ್ರೋಲಿನ ಖರ್ಚು ಹೇಳುತ್ತಿತ್ತು, ಕನ್ನಡಿ ಹೇಳುತ್ತಿತ್ತು. ಹೇಳಬಲ್ಲವರು ಬಾಯಿ ತೆರೆಯದಂತೆ ಇಪ್ಪತ್ತೇಳು ವರ್ಷ ಕೈಯಲ್ಲಿ ಕೋಲು ಹಿಡಿದು, ಕೋಲು ಹೋದ ಮೇಲೆ ಹುಬ್ಬು ಹಿಡಿದು ನಿಂತವಳು ನಾನೇ ತಾನೆ?

ಖಾಲಿ ಪೈಪಿನ ಮೇಲೆ ಆ ಹುಡುಗಿಯ ಪೌಡರು ಬಳಿದ ಕತ್ತು ಕಂಡ ಮೇಲೆ ನನಗೆ ಆ ಉಪಾಯ ಬೇಡವಾಯಿತು. ಇದು ದೊಡ್ಡತನವೇನಲ್ಲ. ಆ ಪೈಪು ಹಾಕಿಸಿದರೆ ಮಕ್ಕಳು ಮೂಗು ಮುಚ್ಚಿಕೊಳ್ಳುವುದನ್ನು ಬಿಡುತ್ತಿದ್ದರು, ಅಂಚಿಗೆ ಸರಿಯುತ್ತಿರಲಿಲ್ಲ, ಕಾರಿನ ಹಿಂದೆಯೇ ನಗುತ್ತ ಬರುತ್ತಿದ್ದರು. ಅದನ್ನು ಕನ್ನಡಿಯಲ್ಲಿ ದಿನವೂ ನೋಡುವುದು ನನ್ನಿಂದ ಆಗದು ಅನಿಸಿತು, ಅಷ್ಟೆ. ಮಾರುವುದಾದರೆ ಹೇಳಿಯೇ ಮಾರಬೇಕು, ಹೇಳಿದರೆ ಯಾರೂ ಕೊಳ್ಳುವುದಿಲ್ಲ.

ಶಿಕ್ಷಕರ ಸಹಕಾರ ಸಂಘದಲ್ಲಿ ಸಾಲ ತೆಗೆದು ಹೊಸ ಕನ್ವರ್ಟರ್ ಹಾಕಿಸಿದೆ. ಮನೆಯಲ್ಲಿ ಎರಡು ದಿನ ಮಾತುಕತೆ ಕಡಿಮೆಯಾಗಿತ್ತು. ದೀಪಾವಳಿಗೆ ನನಗೆ ಸೀರೆ ಇಲ್ಲ ಎಂದು ನಾನೇ ಘೋಷಿಸಿದ ಮೇಲೆ ಸರಿಹೋಯಿತು. ಮಲ್ಲಿಗೆಯ ಸೀಸೆಯನ್ನು ಬಿಚ್ಚಿಟ್ಟೆ. ಕಾರನ್ನು ಈಗ ಜೋಳದ ಹೊಲದ ಕಡೆ ನಿಲ್ಲಿಸುವುದಿಲ್ಲ, ಬಿಸಿಲಾದರೂ ಗೇಟಿನ ಹತ್ತಿರವೇ. ಗಾಜು ಇಳಿಸಿ ಓಡಿಸುತ್ತೇನೆ. ಮುಂದಿನ ಲಾರಿಯ ಹೊಗೆಯೆಲ್ಲ ನನ್ನ ಮೂಗಿಗೇ ಬರುತ್ತದೆ.

ಹೊಸದು ಹಾಕಿಸಿದ ಮರುದಿನ ಶಾಲೆಗೆ ಬಂದು ಇಂಜಿನ್ ಆರಿಸದೆ ಆ ಹುಡುಗನನ್ನು ಕರೆಸಿದೆ. ಬಯಲಿನಲ್ಲಿ, ಮಾರು ದೂರ ನಿಂತು ನೋಡು ಎಂದೆ. ಅವನು ಬಹಳ ಗಂಭೀರವಾಗಿ, ಇನ್ಸ್‌ಪೆಕ್ಟರರ ಹಾಗೆ ಕೈ ಹಿಂದೆ ಕಟ್ಟಿಕೊಂಡು ಎರಡು ಸಲ ಮೂಸಿದ.

"ಮೊಟ್ಟೆ ಇಲ್ಲ ಮೇಡಮ್. ಬರೀ ಕಾರ್ ವಾಸ್ನೆ."

ಆಮೇಲೆ ತರಗತಿಗೆ ಹೋಗಿ ಅವನು ಹೇಳಿದ್ದನ್ನು, ನಾನು ಹೇಳಬೇಕಾಗಿದ್ದು ಹೇಳದೆ ಅವನನ್ನು ಕಳಿಸಿಬಿಟ್ಟದ್ದನ್ನು ಎಲ್ಲರ ಮುಂದೆ ಹೇಳಿದೆ. ಇನ್ನೂ ಏನಾದರೂ ಇದ್ದರೆ ಹೇಳಿ, ಬೈಯುವುದಿಲ್ಲ ಎಂದೆ. ಯಾರೂ ಹೇಳುವುದಿಲ್ಲ ಎಂಬ ಧೈರ್ಯ ನನಗೆ ಒಳಗೊಳಗೇ ಇತ್ತು. ಸ್ವಲ್ಪ ಹೊತ್ತು ಗುಜುಗುಜು. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದಳು, ಪಕ್ಕದವಳು ಅವಳ ಜಡೆ ಹಿಡಿದು ಎಳೆಯುತ್ತಿದ್ದರೂ ಕೂರಲಿಲ್ಲ.

"ಮೇಡಮ್, ನೀವು ಬೋರ್ಡ್ ಮೇಲೆ ಬರ್‍ಯೋದು ಇಲ್ಲಿಗೆ ಕಾಣಲ್ಲ. ಜೂನ್ ತಿಂಗಳಿಂದಲೂ ಕಾಣಲ್ಲ."

ಹಿಂದಿನ ಎರಡು ಸಾಲು ಒಟ್ಟಿಗೆ ತಲೆಯಾಡಿಸಿತು. ನಾನು ಬೋರ್ಡು ಒರೆಸಿ, ಸೀಮೆಸುಣ್ಣ ತೆಗೆದುಕೊಂಡು, ಪಾಠದ ಹೆಸರನ್ನು ಮತ್ತೆ ಮೊದಲಿನಿಂದ ಬರೆದೆ. ಇಷ್ಟು ಸಾಕೇ ಎಂದು ಕೇಳಿದೆ. ಸಾಲದು, ಇನ್ನೂ ದಪ್ಪ ಬೇಕು ಎಂದರು.